ನಟ್ಟಿನ ಮೇಲಿನ ಗುಲಾಬಿ ಗೆರೆ

ನಮ್ಮವರಿಗೆ ಅಲ್ಯೂಮಿನಿಯಂ ಎಂದರೆ ಆಗುವುದಿಲ್ಲ. ಕೆಲವರಿಗೆ ಬದನೆಕಾಯಿ ಆಗುವುದಿಲ್ಲ, ಕೆಲವರಿಗೆ ಅತ್ತೆ ಆಗುವುದಿಲ್ಲ, ಇವರಿಗೆ ಅಲ್ಯೂಮಿನಿಯಂ. ವೈರಿಂಗ್ ಕಂಟ್ರಾಕ್ಟು ನಮ್ಮ ಕಸುಬು. ಯಾರಾದರೂ ಅಂಗಡಿಗೆ ಬಂದು, ಮೈನ್ ಕೇಬಲ್ಲಿಗೆ ಅಲ್ಯೂಮಿನಿಯಂ ಹಾಕಿದರೆ ಹೇಗೆ ಎಂದು ಕೇಳಿದರೆ ಸಾಕು, ಕೈಲಿದ್ದ ಕಾಫಿ ಲೋಟ ಕೆಳಗಿಟ್ಟು ಭಾಷಣಕ್ಕೆ ನಿಲ್ಲುತ್ತಾರೆ. ಅದು ಬೇಗ ಮುರಿಯುತ್ತದೆ, ತುದಿ ಸಡಿಲವಾಗುತ್ತದೆ, ಬಿಸಿಯಾಗುತ್ತದೆ, ಪಾತ್ರೆ ಮಾಡುವ ಲೋಹದಲ್ಲಿ ಕರೆಂಟು ಹರಿಸುತ್ತೀರಾ ಎಂದು ಶುರುವಾದರೆ ಬಂದವನು ತಾಮ್ರವನ್ನೇ ಕೊಟ್ಟುಬಿಡಿ ಎನ್ನುವವರೆಗೆ ಬಿಡುವುದಿಲ್ಲ. ಗೆಳೆಯರು ಇವರಿಗೆ ‘ತಾಮ್ರ’ ಎಂದೇ ಹೆಸರಿಟ್ಟಿದ್ದಾರೆ. ಹಾಗೆ ಕರೆದಾಗ ಇವರು ಬೇಜಾರು ಮಾಡಿಕೊಂಡದ್ದನ್ನು ನಾನು ನೋಡಿಲ್ಲ, ಒಳಗೊಳಗೇ ಹಿಗ್ಗುತ್ತಾರೆ.

ನಾನು ಇವರ ಹೆಂಡತಿ ಮಾತ್ರ ಅಲ್ಲ, ಅರ್ಧ ಕೆಲಸಗಾರಳೂ ಹೌದು. ಕೇಬಲ್ ಸುಲಿಯುವುದು, ತುದಿಗೆ ಲಗ್ಗು ಹಾಕಿ ಒತ್ತುವುದು, ಟಾರ್ಚು ಹಿಡಿಯುವುದು, ಕಾಣುತ್ತಿಲ್ಲವೆಂದು ಇವರು ಕೂಗಾಡುವ ಸ್ಪ್ಯಾನರನ್ನು ಇವರ ಹಿಂದಿನ ಜೇಬಿನಿಂದಲೇ ತೆಗೆದುಕೊಡುವುದು, ಎಲ್ಲ ನನ್ನ ಪಾಲಿಗೆ. ಲಗ್ಗು ಎಂದರೆ ಕೇಬಲ್ಲಿನ ತುದಿಗೆ ತೊಡಿಸುವ ಲೋಹದ ಟೋಪಿ. ಅದರ ಕಿವಿಯ ತೂತಿಗೆ ಬೋಲ್ಟು ತೂರಿಸಿ ನಟ್ಟು ಬಿಗಿಯಬೇಕು. ಬಿಗಿದಾದ ಮೇಲೆ ಕೊನೆಯ ಕೆಲಸ ಮತ್ತೆ ನನ್ನದು: ನಟ್ಟಿನ ಮೇಲಿಂದ ಕೆಳಗಿನ ಪಟ್ಟಿಯವರೆಗೆ ಬಣ್ಣದಲ್ಲಿ ಒಂದು ಗೆರೆ. ಮುಂದೆ ನಟ್ಟು ಕೂದಲೆಳೆಯಷ್ಟು ತಿರುಗಿದರೂ ಗೆರೆ ಮುರಿದು ಕಾಣುತ್ತದೆ. ಕೆಲಸ ಸರಿಯಾಗಿ ಮುಗಿದಿದೆ, ನಾವು ನೋಡಿದ್ದೇವೆ ಎಂದು ಮಾತು ಕೊಟ್ಟ ಹಾಗೆ ಅದು. ಬೇರೆಯವರು ಪೇಂಟು ಹಚ್ಚುತ್ತಾರೆ. ನಾನು ಹಚ್ಚುವುದು ಗುಲಾಬಿ ನೇಲ್ ಪಾಲಿಶ್. ಅಕ್ಕ ತನಗೊಂದು ತಗೊಂಡು, ನನಗೂ ಅದೇ ಬಣ್ಣದ ಶೀಶೆ ಕೊಟ್ಟಿದ್ದಳು. ಗ್ರೀಸು ಮೆತ್ತಿದ ಈ ಕೈಗೆ ಅದೆಲ್ಲಿ ಒಗ್ಗಬೇಕು? ನಟ್ಟುಗಳು ಅಲಂಕಾರ ಮಾಡಿಕೊಂಡವು. ಅಕ್ಕನಿಗೆ ಹೇಳಿರಲಿಲ್ಲ, ಮನಸ್ಸಿಗೆ ಹಚ್ಚಿಕೊಂಡಾಳು ಅಂತ.

ಅಕ್ಕ ಮತ್ತು ಭಾವನದು ಕೋಳಿಮರಿಯ ಹ್ಯಾಚರಿ. ಉದ್ದನೆಯ ಶೆಡ್ಡು, ಒಳಗೆ ಬೀರುವಿನಂಥ ಮೆಷಿನ್‌ಗಳು, ಮೆಷಿನ್ ತುಂಬ ಕಾವಿಗೆ ಇಟ್ಟ ಮೊಟ್ಟೆಗಳು. ಮೀಟರ್ ಕೋಣೆ ರಸ್ತೆಯ ಪಕ್ಕ, ಶೆಡ್ಡು ಅಂಗಳದ ಆ ತುದಿಗೆ. ನಡುವೆ ಹೊಸ ಕೇಬಲ್ ಎಳೆಸಬೇಕು ಎಂದಾಗ ಮನೆಯಲ್ಲಿ ರಣರಂಗವೇ ಆಯಿತು. ಇವರು ತಾಮ್ರ ಎಂದರು. ಭಾವ ಕರೆಸಿದ್ದ ಮೇಸ್ತ್ರಿ ಅಲ್ಯೂಮಿನಿಯಂ ಎಂದ. ಆ ಮೇಸ್ತ್ರಿ ಕಾಲು ಕೆರೆದು ಜಗಳಕ್ಕೆ ಬರುವ ಮನುಷ್ಯ, ಮಾತು ಯಾವಾಗಲೂ ಪಕ್ಕದ ಬೀದಿಗೆ ಕೇಳುವಷ್ಟು ಜೋರು. ಬೆಳ್ಳಿಯಂತೆ ಹೊಳೆಯುವ ತಂತಿಯ ವಕಾಲತ್ತು ವಹಿಸಿದ್ದಕ್ಕೆ ಇವರು ಅವನಿಗೆ ‘ಬೆಳ್ಳಿ ಮೇಸ್ತ್ರಿ’ ಎಂದು ಹೆಸರಿಟ್ಟರು.

“ಅಷ್ಟುದ್ದ ತಾಮ್ರ ಎಳೆದ್ರೆ ಭಾರಕ್ಕೆ ಕಂಬಾನೇ ಬಗ್ಗತ್ತೆ,” ಅಂದಿದ್ದ ಬೆಳ್ಳಿ ಮೇಸ್ತ್ರಿ. “ಅಲ್ಯೂಮಿನಿಯಂ ದಪ್ಪ ಸೈಜ್ ತಗೊಳ್ಳಿ, ಅದೇ ಕರೆಂಟು ಆರಾಮಾಗಿ ಹೋಗತ್ತೆ. ತುದಿ ಸರಿಯಾಗಿ ಕಟ್ಟಬೇಕು, ಅಷ್ಟೇ.”

“ಆ ‘ಅಷ್ಟೇ’ಯಲ್ಲೇ ಕಣ್ರೀ ಮನೆಗಳು ಸುಡೋದು,” ಎಂದರು ಇವರು.

ಇಬ್ಬರೂ ಹೇಳಿದ್ದು ನಿಜವೇ. ಭಾವ ಮೇಸ್ತ್ರಿಯ ಮಾತು ಕೇಳಿದರು. ಉಳಿದ ದುಡ್ಡಿನಲ್ಲಿ ಇನ್ನೊಂದು ಮೆಷಿನ್ ಬರುತ್ತದೆ ಎಂದರು, ಸ್ವಲ್ಪ ಕಾಲದಲ್ಲಿ ಬಂದೂ ಬಂತು. ಅಂದಿನಿಂದ ನಮ್ಮವರು ಷಡ್ಡಕನನ್ನು ಬಿಡಲಿಲ್ಲ. ಒಟ್ಟಿಗೆ ಊಟಕ್ಕೆ ಕೂತಾಗಲೆಲ್ಲ, “ಏನ್ ಷಡ್ಡಕ್ರೇ, ನಿಮ್ಮ ಪಾತ್ರೆ ತಂತಿ ಹೇಗಿದೆ? ತಳ ಹಿಡೀತಾ?” ಎಂದು ಕೆಣಕುವುದು. ಭಾವ ನಕ್ಕು ಸುಮ್ಮನಾಗುತ್ತಿದ್ದರು. ನಾನೂ ನಗುತ್ತಿದ್ದೆ. ಅಕ್ಕ ಮಾತ್ರ ಬಡಿಸುವುದನ್ನು ನಿಲ್ಲಿಸಿ ಇವರ ಮುಖ ನೋಡುತ್ತಿದ್ದಳು.

ಹೊಸ ಮೆಷಿನ್ ಬಂದಾಗ ಬೆಳ್ಳಿ ಮೇಸ್ತ್ರಿ ಬೇರೆಲ್ಲೋ ಕೆಲಸ ಹಿಡಿದಿದ್ದ. ಅಕ್ಕ ಇವರನ್ನೇ ಕೇಳಿದಳು. ನಾವು ಹೋದ ದಿನ ಅಕ್ಕ ಭಾವ ಮರಿಗಳನ್ನು ತಲುಪಿಸಲು ಹೊರಟಿದ್ದರು, ಅವರ ಜೊತೆಗಿರುವ ನಮ್ಮಮ್ಮ ಮಲಗಿದ್ದಳು. ಮೆಷಿನ್ ಶೆಡ್ಡಿನ ಕೊನೆಗಿತ್ತು. ನಮ್ಮ ವ್ಯಾನಿನಲ್ಲಿದ್ದ ತಾಮ್ರದ ಕೇಬಲ್ ಅಲ್ಲಿಗೆ ಮುಟ್ಟಲಿಲ್ಲ. ಮೂಲೆಯಲ್ಲಿ ಮೇಸ್ತ್ರಿ ಬಿಟ್ಟುಹೋದ ಅಲ್ಯೂಮಿನಿಯಂ ಸುರುಳಿ ಕೂತಿತ್ತು. ಇವರು ಅದನ್ನು ಕಾಲಿನಿಂದ ತಳ್ಳಿ ನೋಡಿದರು.

“ಸದ್ಯಕ್ಕೆ ಇದನ್ನೇ ಹಾಕಿಬಿಡೋಣ. ಮುಂದಿನ ವಾರ ತಾಮ್ರ ತಂದು ಬದಲಾಯಿಸ್ತೀನಿ.”

ಅಲ್ಯೂಮಿನಿಯಂ ತುದಿಗೆ ಬೇರೆಯದೇ ಲಗ್ಗು ಬೇಕು. ಕೇಬಲ್ ತೂರುವ ಕಡೆ ಅಲ್ಯೂಮಿನಿಯಂ, ಬೋಲ್ಟಿಗೆ ಕೂರುವ ಕಡೆ ತಾಮ್ರ, ಹೀಗೆ ಎರಡು ಲೋಹ ಬೆಸೆದದ್ದು. ಬರೀ ತಾಮ್ರದ ಟೋಪಿ ಹಾಕಿದರೆ ಎರಡೂ ಒಂದಕ್ಕೊಂದು ಹೊಂದುವುದಿಲ್ಲ, ತುದಿ ಒಳಗೊಳಗೇ ಸವೆದು ಬಿಸಿಯಾಗುತ್ತದೆ. ಇದನ್ನು ನಾನು ಕಲಿತದ್ದೇ ಇವರ ಭಾಷಣದಿಂದ. ಆದರೆ ಅಲ್ಯೂಮಿನಿಯಂ ಮುಟ್ಟುವುದೇ ಇಲ್ಲ ಎಂದು ಬೀಗುವವರ ಚೀಲದಲ್ಲಿ ಅಂಥ ಲಗ್ಗು ಎಲ್ಲಿಂದ ಬರಬೇಕು? ಹುಡುಕಿದರೆ ತಾಮ್ರದ್ದೇ ತಾಮ್ರದ್ದು.

“ರೀ, ಇದಕ್ಕೆ ಇದು ಆಗಲ್ಲ ಅಂತ ನೀವೇ ಹೇಳ್ತೀರಲ್ಲ,” ಎಂದೆ.

“ಒಂದು ವಾರಕ್ಕೆ ಏನೂ ಆಗಲ್ಲ ಬಿಡು.”

ನಾನೇ ಒತ್ತಿದೆ. ಇವರು ಬಿಗಿದರು. ಗೆರೆ ಎಳಿ ಎಂದರು. ಬ್ರಶ್ಶನ್ನು ಶೀಶೆಯಲ್ಲಿ ಅದ್ದಿ ಮೂರು ನಟ್ಟಿನ ಮೇಲೂ ಚೆಂದದ ಗೆರೆ ಎಳೆದೆ. ಸರಿಯಾಗಿಲ್ಲದ ಕೆಲಸದ ಮೇಲೆ ಎಳೆದ ಮೊದಲನೆಯ ಗೆರೆ ಅದು. ಎಂದಿನಷ್ಟೇ ನೆಟ್ಟಗೆ ಬಂತು. ಮುಂದಿನ ವಾರ ಬೇರೆ ಕೆಲಸ ಬಂತು, ಅದರ ಮುಂದಿನ ವಾರ ಇನ್ನೊಂದು. ನನಗೆ ಆಗಾಗ ನೆನಪಾಗುತ್ತಿತ್ತು, ಹೇಳಿದರೆ ಇವರು ಸಿಡುಕುತ್ತಾರೆ ಎಂದು ಸುಮ್ಮನಾದೆ.

ಇವತ್ತು ಬೆಳಗ್ಗೆ ಅಕ್ಕನ ಫೋನ್ ಬಂತು. ಬೋರ್ಡು ಸುಟ್ಟಿದೆ, ಬೇಗ ಬನ್ನಿ ಎಂದಷ್ಟೇ ಹೇಳಿದಳು. ಇವರು ವ್ಯಾನ್ ಓಡಿಸುತ್ತ, “ನಾನು ಬಡ್ಕೊಂಡೆ, ಕೇಳಿದ್ರಾ? ಅಲ್ಯೂಮಿನಿಯಂ ಬೇಡ ಅಂತ ಬಡ್ಕೊಂಡೆ,” ಎಂದು ದಾರಿಯುದ್ದಕ್ಕೂ ಹೇಳುತ್ತಲೇ ಇದ್ದರು. ಇವರಿಗೆ ನಿಜಕ್ಕೂ ಮರೆತೇಹೋಗಿತ್ತು. ನನಗೆ ಮರೆತಿರಲಿಲ್ಲ. ಕಿಟಕಿಯ ಕಡೆ ತಿರುಗಿ ಕೂತೆ.

ಗೇಟಿನ ಹೊರಗೆ ಬೆಳ್ಳಿ ಮೇಸ್ತ್ರಿ ತನ್ನ ಸಾಮಾನಿನ ಚೀಲದ ಮೇಲೆ ಕೂತಿದ್ದ. ಒಳಗೆ ಕಾಲಿಟ್ಟರೆ ನೆಟ್ಟಗಿರಲ್ಲ ಎಂದು ಭಾವ ಕೂಗಾಡಿ ಅವನನ್ನು ಅಲ್ಲೇ ತಡೆದಿದ್ದರಂತೆ. ಆ ಗಂಟಲಿನ ಮನುಷ್ಯ ಒಂದು ಮಾತೂ ಆಡದೆ ಕೂತಿದ್ದ. ನಮ್ಮ ವ್ಯಾನ್ ನೋಡಿ ಎದ್ದು ನಿಂತ, ಆಮೇಲೆ ಮತ್ತೆ ಕೂತ.

ಅಂಗಳದಲ್ಲಿ ಜನರೇಟರ್ ಸುಮ್ಮನೆ ನಿಂತಿತ್ತು. ಅದು ಓಡಿದರೂ ಕರೆಂಟು ಒಳಗೆ ಹೋಗಬೇಕಾದ ಬೋರ್ಡೇ ಸುಟ್ಟಿತ್ತಲ್ಲ. ಅಕ್ಕ ಮೊಟ್ಟೆಯ ಟ್ರೇಗಳನ್ನು ಅಡುಗೆಮನೆಗೆ ಸಾಗಿಸಿ ಒಲೆಯ ಸುತ್ತ ಜೋಡಿಸುತ್ತಿದ್ದಳು. ಅಮ್ಮ ಅವುಗಳ ಮೇಲೆ ಕಂಬಳಿ ಹೊದಿಸುತ್ತಿದ್ದಳು. ಕೆಲವು ಮೊಟ್ಟೆಗಳಲ್ಲಿ ಮರಿ ಒಳಗಿನಿಂದ ಕುಟ್ಟಿ ಚಿಪ್ಪಿಗೆ ಸಣ್ಣ ತೂತು ಮಾಡಿತ್ತು, ತೂತಿನಲ್ಲಿ ಕೊಕ್ಕು ಕಾಣುತ್ತಿತ್ತು, ಕೊಕ್ಕು ಅಲುಗುತ್ತಿರಲಿಲ್ಲ. ಅಕ್ಕ ಅಂಥವನ್ನು ಒಂದೊಂದೇ ಕಿವಿಗೆ ಹಿಡಿದು ಕೇಳಿ, ಬೇರೆ ಬುಟ್ಟಿಗೆ ಹಾಕುತ್ತಿದ್ದಳು. ಬುಟ್ಟಿ ತುಂಬುತ್ತ ಬಂದಿತ್ತು.

“ನೀವು ಹೇಳಿದ್ದು ಕೇಳ್ಬೇಕಿತ್ತು,” ಎಂದಳು ಅಕ್ಕ ಇವರನ್ನು ನೋಡಿ. “ನಾವೇ ಕೆಟ್ವಿ.”

ಶೆಡ್ಡಿನೊಳಗೆ ಸುಟ್ಟ ರಬ್ಬರಿನ ವಾಸನೆ. ನಾನು ಟಾರ್ಚು ಹಿಡಿದೆ, ಇವರು ಮೀಟರ್ ಕೋಣೆಯಲ್ಲಿ ಮೈನ್ ಆಫ್ ಮಾಡಿಸಿಕೊಂಡು ಬೋರ್ಡಿನ ಮುಚ್ಚಳ ತೆಗೆದರು. ಮೇಲಿನ ಸಾಲು ಮೈನ್ ಕೇಬಲ್ಲಿನದು, ಬೆಳ್ಳಿ ಮೇಸ್ತ್ರಿ ಕಟ್ಟಿದ್ದು. ಮಸಿ ಹಿಡಿದಿತ್ತು, ಆದರೆ ಒರೆಸಿದರೆ ನಟ್ಟುಗಳ ಮೇಲೆ ಬಿಳಿ ಗೆರೆ ಅಖಂಡವಾಗಿತ್ತು. ಕೆಳಗಿನ ಸಾಲು ಹೊಸ ಮೆಷಿನ್ನಿನದು. ಅದರ ನಡುವಿನ ಬೋಲ್ಟು ಕರಗಿ ಕರಿಮುದ್ದೆಯಾಗಿತ್ತು. ಅದರ ಆಚೆ ಈಚೆ ಎರಡು ನಟ್ಟುಗಳ ಮೇಲೆ, ಟಾರ್ಚಿನ ಬೆಳಕಿನಲ್ಲಿ, ಗುಲಾಬಿ ಗೆರೆ.

ಇವರು ನೋಡಿದರು. ಬಹಳ ಹೊತ್ತು ನೋಡಿದರು. ಕಿವಿಯವರೆಗೂ ಕೆಂಪೇರಿತು. ನನ್ನ ಕಡೆ ತಿರುಗಲಿಲ್ಲ.

“ದೊಡ್ಡ ಸ್ಪ್ಯಾನರ್ ವ್ಯಾನಲ್ಲೇ ಇದೆ. ತರ್ತೀನಿ,” ಎಂದು ಹೊರಟುಹೋದರು. ದೊಡ್ಡ ಸ್ಪ್ಯಾನರ್ ಅಲ್ಲೇ ಚೀಲದಲ್ಲಿತ್ತು.

ಬಾಗಿಲ ಹೊರಗೆ ಭಾವನ ದನಿ ಕೇಳಿಸಿತು. “ಷಡ್ಡಕ್ರೇ, ನನ್ನದೇ ತಪ್ಪು. ಇನ್ನು ಮೇಲೆ ಈ ಶೆಡ್ಡಲ್ಲಿ ಒಂದು ತುಂಡು ಅಲ್ಯೂಮಿನಿಯಂ ಇರಕೂಡದು. ಪೂರ್ತಿ ಕಿತ್ತುಹಾಕಿ ತಾಮ್ರ ಹಾಕಿಕೊಡಿ. ಆ ಮನುಷ್ಯನಿಗೆ ಇನ್ನೆಲ್ಲೂ ಕೆಲಸ ಸಿಗದ ಹಾಗೆ ನಾನು ಮಾಡ್ತೀನಿ.” ಇವರು ಏನು ಹೇಳುತ್ತಾರೋ ಎಂದು ನಾನು ಕಿವಿಗೊಟ್ಟು ಕಾದೆ. ಇವರು ಏನೂ ಹೇಳಲಿಲ್ಲ. ಹೆಜ್ಜೆಯ ಸದ್ದು ಗೇಟಿನ ಕಡೆ ಹೋಯಿತು.

ಆಗ ನನಗೆ ಎಲ್ಲ ಗೊತ್ತಾಯಿತು ಅಂದುಕೊಂಡೆ. ಇವರು ನುಂಗಿಕೊಳ್ಳುತ್ತಾರೆ. ಇಷ್ಟು ದಿನ ಆಡಿದ ಮಾತೆಲ್ಲ ಇವರ ಗಂಟಲಿಗೇ ಸಿಕ್ಕಿಕೊಂಡಿರುವಾಗ ಬಾಯಿ ಎಲ್ಲಿಂದ ಬಿಡುತ್ತಾರೆ? ಷಡ್ಡಕನ ಮುಂದೆ, ಅತ್ತೆಯ ಮುಂದೆ, ಆ ಮೇಸ್ತ್ರಿಯ ಮುಂದೆ? ಇಷ್ಟು ವರ್ಷ ಒಟ್ಟಿಗೆ ಬಾಳಿದ ಮೇಲೆ ಗಂಡನನ್ನು ನಾನು ಬಲ್ಲೆ ಎನ್ನುವ ಸೊಕ್ಕು ನನಗೆ. ಹೇಗೂ ಸುಳ್ಳಾಗುವುದಾದರೆ ಸುಳ್ಳು ಗಟ್ಟಿಯಾಗಿರಲಿ ಅನ್ನಿಸಿತು. ಭಾವನಿಗೆ ಯಾವ ಬೋಲ್ಟು ಯಾರದು ಎಂದು ತಿಳಿಯದು. ಲಗ್ಗುಗಳೆಲ್ಲ ಮಸಿ ಮೆತ್ತಿ ಒಂದೇ ಬಣ್ಣ. ಉಳಿದಿರುವ ಗುರುತು ಆ ಗೆರೆ ಮಾತ್ರ.

ಹೆಬ್ಬೆರಳಿನ ಉಗುರು ಒತ್ತಿ ಕೆರೆದೆ. ಮೊದಲನೆಯದು ಚಕ್ಕೆಚಕ್ಕೆಯಾಗಿ ಬಂತು. ಎರಡನೆಯದು ಹಟ ಮಾಡಿತು, ಅದನ್ನೂ ಬಿಡಲಿಲ್ಲ. ಆಮೇಲೆ ಅವಕ್ಕೂ, ಮೇಲಿನ ಸಾಲಿನ ಬಿಳಿ ಗೆರೆಗಳಿಗೂ ಮಸಿ ಬಳಿದು ಸರಿ ಮಾಡಿದೆ. ಮನೆ ಗುಡಿಸಿದಷ್ಟು ಸಲೀಸಾಗಿ ಮಾಡಿದೆ ಅನ್ನುವುದೇ ಈಗಲೂ ಮನಸ್ಸನ್ನು ಹಿಂಡುತ್ತದೆ.

ಇವರು ಬಂದರು. ಒಬ್ಬರೇ ಬರಲಿಲ್ಲ. ಹಿಂದೆ ಬೆಳ್ಳಿ ಮೇಸ್ತ್ರಿ, ಅವನ ಹಿಂದೆ ಇದೇನು ಎಂದು ಗೊಣಗುತ್ತ ಭಾವ, ಸೆರಗಿಗೆ ಕೈ ಒರೆಸಿಕೊಳ್ಳುತ್ತ ಅಕ್ಕ, ಕೊನೆಗೆ ಅಮ್ಮ.

“ಎಲ್ಲರೂ ನೋಡಿ,” ಎಂದರು ಇವರು. ದನಿ ಒಡೆದಿತ್ತು. “ಸುಟ್ಟಿರೋದು ಮೇಸ್ತ್ರಿ ಕಟ್ಟಿದ್ದಲ್ಲ. ಹೊಸ ಮೆಷಿನ್ನಿಂದು. ನಾನು ಕಟ್ಟಿದ್ದು. ಅಲ್ಯೂಮಿನಿಯಂ ಕೇಬಲ್ಲಿಗೆ ತಾಮ್ರದ ಲಗ್ಗು ಹಾಕಿದ್ದೆ. ಆಗಬಾರದು ಅಂತ ಗೊತ್ತಿದ್ದೂ ಹಾಕಿದ್ದೆ.”

ಭಾವ ಅಡ್ಡಡ್ಡ ತಲೆಯಾಡಿಸಿದರು. “ನೀವು ಅಲ್ಯೂಮಿನಿಯಂ ಮುಟ್ತೀರಾ? ಯಾರಿಗೆ ಹೇಳ್ತೀರಿ ಷಡ್ಡಕ್ರೇ?”

“ಮುಟ್ಟಿದೆ. ಗುರುತಿದೆ, ತೋರಿಸ್ತೀನಿ. ನಮ್ಮ ಕೆಲಸಕ್ಕೆ ಇವಳು ಗುಲಾಬಿ ಗೆರೆ ಎಳೀತಾಳೆ. ಇಲ್ಲೇ ಇದೆ ನೋಡಿ,” ಎಂದು ನನ್ನ ಕೈಯಿಂದ ಟಾರ್ಚು ತೆಗೆದುಕೊಂಡು ಕೆಳಗಿನ ಸಾಲಿಗೆ ಹಿಡಿದರು.

ಬೆಳಕು ಒಂದು ನಟ್ಟಿನಿಂದ ಇನ್ನೊಂದಕ್ಕೆ ಹೋಯಿತು. ಮತ್ತೆ ಹಿಂದಕ್ಕೆ ಬಂತು. ಇವರು ಬೆರಳಿನಿಂದ ಮಸಿ ಒರೆಸಿದರು. ಬಗ್ಗಿ ನೋಡಿದರು. ಆಮೇಲೆ ಟಾರ್ಚು ಕೆಳಗಿಳಿಸಿ ನನ್ನನ್ನು ನೋಡಿದರು. ಸಿಟ್ಟಿನ ನೋಟವಲ್ಲ. ಸಿಟ್ಟಾಗಿದ್ದರೆ ತಡೆದುಕೊಳ್ಳುತ್ತಿದ್ದೆ.

“ದೊಡ್ಡ ಮನಸ್ಸು ಕಣಪ್ಪಾ ನಿಮ್ಮದು,” ಎಂದಳು ಅಮ್ಮ. ಅವಳ ಕಣ್ಣಲ್ಲಿ ನೀರೇ ಬಂತು. “ಬಡಪಾಯಿ ಹೊಟ್ಟೆ ಮೇಲೆ ಹೊಡೀಬಾರದು ಅಂತ ತಪ್ಪನ್ನ ತಮ್ಮ ತಲೆ ಮೇಲೆ ಹಾಕ್ಕೊಳ್ತಿದ್ದಾರೆ. ಅಳಿಯ ಅಂದ್ರೆ ಹೀಗಿರ್ಬೇಕು.”

ಭಾವನೂ ಮೆತ್ತಗಾದರು. ಇವರ ಹೆಗಲ ಮೇಲೆ ಕೈಯಿಟ್ಟು, “ಅಷ್ಟೊಂದು ಒಳ್ಳೆಯವರಾಗಬೇಡಿ ಮಾರಾಯ್ರೇ,” ಎಂದರು. ಬೆಳ್ಳಿ ಮೇಸ್ತ್ರಿ ಎರಡೂ ಕೈ ಜೋಡಿಸಿದ. ಅವನು ಕೈ ಮುಗಿದದ್ದನ್ನು ನಾನು ನೋಡಬೇಕಾಯಿತು. “ಬೇಡಿ ಸಾರ್. ನನಗೋಸ್ಕರ ನೀವು ಸುಳ್ಳು ಹೇಳೋದು ಬೇಡ. ಕಟ್ಟಿದ ಮೇಲೆ ಒಂದು ಸಲ ಬಂದು ಬಿಗಿ ನೋಡ್ಬೇಕಿತ್ತು, ನೋಡಲಿಲ್ಲ. ನಂದೇ ಇರ್ಬೇಕು.”

ನಿಜ ಹೇಳಿದ ಮನುಷ್ಯನಿಗೆ ಎಲ್ಲರೂ ಸೇರಿ ಹಾರ ಹಾಕುತ್ತಿದ್ದರು, ಅವರು ಆ ಹಾರದ ಭಾರಕ್ಕೆ ಕುಗ್ಗುತ್ತಿದ್ದರು. ಗೆರೆ ಅಳಿಸಿದವಳು ಹೆಂಡತಿ ಎಂದು ಹೇಳದೆ ಬಿಡಿಸಿಕೊಳ್ಳುವ ದಾರಿ ಅವರಿಗಿರಲಿಲ್ಲ. ಅವರು ಹೇಳುವುದಿಲ್ಲ ಎಂದೂ ಗೊತ್ತಾಯಿತು. ಭೂಮಿ ಬಾಯಿಬಿಡಬಾರದೇ ಎನ್ನುತ್ತಾರಲ್ಲ, ಹಾಗೆ ಅನ್ನಿಸಿದ್ದು ಬದುಕಿನಲ್ಲಿ ಅದೇ ಮೊದಲು.

ನಾನು ಬಲಗೈ ಮುಂದೆ ಚಾಚಿದೆ. ಹೆಬ್ಬೆರಳನ್ನು ಅಕ್ಕನ ಮುಖದ ಹತ್ತಿರ ಹಿಡಿದೆ. ಉಗುರಿನ ಸಂದಿಯಲ್ಲಿ ಮಸಿಯ ಜೊತೆ ಗುಲಾಬಿ ಚೂರುಗಳು ಸಿಕ್ಕಿಕೊಂಡಿದ್ದವು.

ಅಕ್ಕ ನನ್ನ ಬೆರಳು ಹಿಡಿದು ಬಾಗಿಲ ಬೆಳಕಿಗೆ ತಿರುಗಿಸಿದಳು. “ಇದು ನಾನು ಕೊಟ್ಟ ಬಣ್ಣ ಅಲ್ವಾ?” ಎಂದಳು. “ನೀನು ಹಚ್ಚಿಕೊಂಡಿದ್ದು ನಾನು ಒಂದಿನಾನೂ ನೋಡಲಿಲ್ಲ.”

“ಗೆರೆ ಇತ್ತು ಅಕ್ಕ. ಈಗ ಕೆರೆದುಹಾಕಿದೆ. ಇವರು ಹೇಳಿದ್ದೆಲ್ಲ ನಿಜ. ಲಗ್ಗು ಒತ್ತಿದ್ದೂ ನಾನೇ.”

ಅಕ್ಕ ನನ್ನ ಕೈ ಬಿಟ್ಟಳು. ಎಸೆಯಲಿಲ್ಲ, ಬಿಟ್ಟಳು. “ಬುಟ್ಟಿ ಹೊರಗಿಟ್ಟು ಬರ್ತೀನಿ,” ಎಂದು ಹೊರಟಳು. ಅಮ್ಮ ನನ್ನ ಮುಖ ನೋಡದೆ ಅವಳ ಹಿಂದೆ ಹೋದಳು.

ಬೆಳ್ಳಿ ಮೇಸ್ತ್ರಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಆಮೇಲೆ ಅವನ ಗಂಟಲು ಮರಳಿ ಬಂತು. “ಅಂದ್ರೆ ನಾನು ಬೆಳಗ್ಗೆಯಿಂದ ಗೇಟಲ್ಲಿ ನಾಯಿ ಥರ ಕೂತಿದ್ದು ಇದಕ್ಕಾ? ಕೈ ಬೇರೆ ಮುಗಿದ್ನಲ್ರೀ ನಿಮಗೆ!” ಎಂದು ಕೂಗಿದ ಕೂಗಿಗೆ ಶೆಡ್ಡಿನ ತಗಡು ಗುಯ್‌ಗುಟ್ಟಿತು. ಭಾವನ ಕಡೆಗೂ ತಿರುಗಿದ. “ನೀವು ಏನೇನಂದ್ರಿ ಅನ್ನೋದು ನೆನಪಿದೆ ತಾನೆ?” ಭಾವ ತಲೆ ತಗ್ಗಿಸಿದರು. ಅವನು ಬೈದದ್ದು ನನಗೆ ಎಷ್ಟೋ ಸಮಾಧಾನ ಕೊಟ್ಟಿತು. ಆ ಸಮಾಧಾನಕ್ಕೂ ನಾಚಿಕೆಯಾಯಿತು.

ಉಳಿದ ಮೊಟ್ಟೆಗಳಿಗೆ ಕಾವು ಬೇಕಿತ್ತು, ಜಗಳ ಕಾಯಬಹುದಿತ್ತು. ಇವರು ಮೇಸ್ತ್ರಿಯ ಎದುರು ನಿಂತು, “ಎರಡು ಲೋಹದ ಲಗ್ಗು ಇದೆಯಾ ನಿಮ್ಮ ಹತ್ರ?” ಎಂದು ಕೇಳಿದರು.

“ಇರದೆ ಏನು? ತುದಿ ಬ್ರಶ್ ಹಾಕಿ ತಿಕ್ಕಿ, ಪೇಸ್ಟ್ ಹಚ್ಚಿ ಹಾಕ್ಬೇಕು. ಗೊತ್ತಾ, ತೋರಿಸ್ಕೊಡ್ಬೇಕಾ?”

“ಗೊತ್ತು,” ಎಂದರು ಇವರು.

ಸುಟ್ಟ ಸಾಲನ್ನು ಕಿತ್ತುಹಾಕಿ, ಇಬ್ಬರೂ ಮಾತಿಲ್ಲದೆ ಹೊಸದಾಗಿ ಕಟ್ಟಿದರು. ಮೇಲಿನ ಸಾಲಿನ ಅಲ್ಯೂಮಿನಿಯಂ ಹಾಗೇ ಉಳಿಯಿತು, ಅದಕ್ಕೆ ಏನೂ ಆಗಿರಲಿಲ್ಲ. ಮೇಸ್ತ್ರಿ ಜನರೇಟರ್ ಹಚ್ಚಲು ಅಂಗಳಕ್ಕೆ ಹೋದಾಗ ಬೋರ್ಡಿನ ಮುಂದೆ ನಾವಿಬ್ಬರೇ ಉಳಿದೆವು. ಇವರು ಕೊನೆಯ ನಟ್ಟು ಬಿಗಿಯುತ್ತಿದ್ದರು. ನಾನು ಟಾರ್ಚು ಹಿಡಿದಿದ್ದೆ.

“ನಾನು ಹೇಳಲ್ಲ ಅಂತ ಅನ್ನಿಸ್ತಾ ನಿನಗೆ?” ಎಂದು ಕೇಳಿದರು, ನಟ್ಟಿನ ಮೇಲಿನ ಕಣ್ಣು ತೆಗೆಯದೆ.

ಇಲ್ಲ ಎನ್ನಬಹುದಿತ್ತು. ಇವತ್ತಿನ ಮಟ್ಟಿಗೆ ಸಾಕಷ್ಟು ಕೆರೆದುಹಾಕಿದ್ದೆ. “ಹೂಂ,” ಎಂದೆ.

ಸ್ಪ್ಯಾನರ್ ಇನ್ನೊಂದು ಸುತ್ತು ತಿರುಗಿತು.

“ಗೇಟಿನವರೆಗೂ ನನಗೂ ಹಾಗೇ ಅನ್ನಿಸಿತ್ತು,” ಎಂದರು. “ವ್ಯಾನ್ ಹತ್ತಿ ಹೋಗಿಬಿಡೋಣ ಅಂತಾನೂ ಬಂತು ಮನಸ್ಸಲ್ಲಿ. ಆ ಮನುಷ್ಯ ಅಡ್ಡ ಬಂದ. ಸುಟ್ಟಿದ್ದು ಯಾವ ಬೋಲ್ಟು ಅಂತ ನೋಡಿ ಹೇಳಿ ಸಾರ್, ಬೇರೆ ಮನೆಗಳಲ್ಲೂ ಹೀಗೇ ಕಟ್ಟಿದೀನಿ, ಹೋಗಿ ಎಲ್ಲ ಬಿಚ್ಚಿ ನೋಡ್ಬೇಕು ಅಂದ.”

ಅಂಗಳದಲ್ಲಿ ಜನರೇಟರ್ ಶುರುವಾಯಿತು, ಬೋರ್ಡಿಗೆ ಕರೆಂಟು ಬಿಡುವ ಸ್ವಿಚ್ಚು ಇನ್ನೂ ಹಾಕಿರಲಿಲ್ಲ. ಇವರು ಪಕ್ಕಕ್ಕೆ ಸರಿದು, ಗೆರೆ ಎಳಿ ಎಂದರು. ನಾನು ಶೀಶೆ ತೆಗೆಯಲಿಲ್ಲ. ಅವರ ಕೈಯಿಂದ ಸ್ಪ್ಯಾನರ್ ತೆಗೆದುಕೊಂಡು, ಅವರು ನೋಡುತ್ತಿದ್ದಂತೆಯೇ, ಮೂರೂ ನಟ್ಟುಗಳನ್ನು ನಾನೇ ಒಂದೊಂದಾಗಿ ಬಿಗಿದು ನೋಡಿದೆ.